ಜೀವ ಹುಟ್ಟಿದ ಲೆಕ್ಕದಲ್ಲಿ ಕಬ್ಬಿಣ

ಭೂಮಿಯ ಮೇಲೆ ಜೀವ ಹೇಗೆ ಹುಟ್ಟಿತು ಎಂಬ ಯಾವ ಸಿದ್ಧಾಂತವನ್ನು ಓದುವಾಗಲೂ ಮೊದಲು ಗಾಳಿಯಲ್ಲಿನ ಆಮ್ಲಜನಕವನ್ನು ಲೆಕ್ಕದಿಂದ ತೆಗೆದುಬಿಡಬೇಕು. ಇವತ್ತು ಅದು ಶೇ. 21ರಷ್ಟಿದೆ. ಆಗ ಇಲ್ಲವೆನ್ನುವಷ್ಟು ಕಡಿಮೆ ಇತ್ತು. ಇದ್ದಿದ್ದರೆ ಮುಂದೆ ಹೇಳುವ ಬಹುತೇಕ ಕ್ರಿಯೆಗಳು ಎರಡು ಹೆಜ್ಜೆಯೂ ಸಾಗುತ್ತಿರಲಿಲ್ಲ. ಹುಟ್ಟಿದ ಸಾವಯವ ಅಣುಗಳನ್ನು ಆಮ್ಲಜನಕ ಅಲ್ಲೇ ಮುರಿದು ಮತ್ತೆ ಇಂಗಾಲದ ಡೈಆಕ್ಸೈಡ್ ಮಾಡುತ್ತಿತ್ತು.

ಆ ಕಾಲದ ಸಮುದ್ರ ಹೇಗಿತ್ತು ಎನ್ನುವುದಕ್ಕೆ ಬಳ್ಳಾರಿ ಜಿಲ್ಲೆಯಲ್ಲೇ ಸಾಕ್ಷಿ ಇದೆ. ಸಂಡೂರು, ದೋಣಿಮಲೈ, ಕುಮಾರಸ್ವಾಮಿ ಬೆಟ್ಟದ ಸಾಲಿನಲ್ಲಿ ಅದಿರಿನ ಜೊತೆ ಪಟ್ಟೆಪಟ್ಟೆಯಾದ ಶಿಲೆ ಸಿಗುತ್ತದೆ. ಒಂದು ಪಟ್ಟೆ ಕಬ್ಬಿಣದ ಆಕ್ಸೈಡು, ಅದರ ಮೇಲೊಂದು ಸಿಲಿಕಾ, ಮತ್ತೆ ಕಬ್ಬಿಣ. ಇದು ಕಡಲ ತಳದಲ್ಲಿ ಕೂತ ಮಡ್ಡಿ. ಫೆರಸ್ ರೂಪದ ಕಬ್ಬಿಣ ನೀರಿನಲ್ಲಿ ಕರಗುತ್ತದೆ, ಆಮ್ಲಜನಕ ತಾಗಿ ಅದು ಫೆರಿಕ್ ರೂಪಕ್ಕೆ ತಿರುಗಿದರೆ ಕರಗದೆ ತುಕ್ಕಾಗಿ ತಳ ಸೇರುತ್ತದೆ. ಇಷ್ಟೊಂದು ಕಬ್ಬಿಣ ಕಡಲಿನ ಉದ್ದಗಲಕ್ಕೆ ಹರಡಿ ಕೂರಬೇಕಾದರೆ ಅದು ಮೊದಲು ಕರಗಿದ ರೂಪದಲ್ಲಿ ದೂರ ಸಾಗಿರಬೇಕು. ಆಮ್ಲಜನಕ ತುಂಬಿದ ನೀರಿನಲ್ಲಿ ಅದು ಸಾಧ್ಯವೇ ಇಲ್ಲ.

ಆದರೆ ಒಂದು ಎಚ್ಚರಿಕೆ ಬೇಕು. ಸಂಡೂರಿನ ಈ ಪದರಗಳಿಗೆ ಸುಮಾರು 270 ಕೋಟಿ ವರ್ಷ. ಭೂಮಿಗೆ 454 ಕೋಟಿ. ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನ ಜಿರ್ಕಾನ್ ಹರಳುಗಳ ಪ್ರಕಾರ 440 ಕೋಟಿ ವರ್ಷಗಳ ಹಿಂದೆಯೇ ನೀರು ಇತ್ತು. ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ ಸಿಕ್ಕ, ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಕಲ್ಲುಗಳಾದ ಸ್ಟ್ರೊಮಾಟೊಲೈಟುಗಳಿಗೆ 348 ಕೋಟಿ ವರ್ಷ. ಅಂದರೆ ಸಂಡೂರಿನ ಮಡ್ಡಿ ಕೂರುವ ಹೊತ್ತಿಗೆ ಜೀವ ಹುಟ್ಟಿ ಕನಿಷ್ಠ 78 ಕೋಟಿ ವರ್ಷ ಕಳೆದಿತ್ತು. ಜೀವದ ಹುಟ್ಟನ್ನು ನಮ್ಮ ಬೆಟ್ಟಗಳಲ್ಲಿ ಹುಡುಕಬಾರದು. ಕಬ್ಬಿಣ ತುಂಬಿದ, ಆಮ್ಲಜನಕವಿಲ್ಲದ ಕಡಲಿನ ಗುರುತನ್ನು ಮಾತ್ರ ಅಲ್ಲಿ ಓದಬಹುದು. ಆ ಗುರುತು ಬಹಳ ಮುಖ್ಯ, ಏಕೆಂದರೆ ಜೀವದ ಹುಟ್ಟಿನ ಸಿದ್ಧಾಂತಗಳಲ್ಲಿ ಹೆಚ್ಚಿನವು ಒಂದಲ್ಲ ಒಂದು ಹಂತದಲ್ಲಿ ಕಬ್ಬಿಣದ ಹತ್ತಿರ ಬಂದು ನಿಲ್ಲುತ್ತವೆ.

ಜೀವ ಎನ್ನಬೇಕಾದರೆ ಸಣ್ಣ ಅಣುಗಳು ಸಿದ್ಧವಾಗಬೇಕು, ಅವು ಸರಪಳಿಯಾಗಿ ಕೂಡಬೇಕು, ಸರಪಳಿ ತನ್ನ ಪ್ರತಿಯನ್ನು ತಾನೇ ತೆಗೆಯಬೇಕು, ಎಲ್ಲ ಚದುರದಂತೆ ಸುತ್ತ ಒಂದು ಪೊರೆ ಬೇಕು, ಶಕ್ತಿ ಬಿಡದೆ ಒದಗಬೇಕು. ಒಂದೊಂದು ಸಿದ್ಧಾಂತ ಇವುಗಳಲ್ಲಿ ಒಂದೆರಡನ್ನು ಚೆನ್ನಾಗಿ ಬಿಡಿಸುತ್ತದೆ, ಉಳಿದ ಕಡೆ ಎಡವುತ್ತದೆ. ಎಲ್ಲಿ, ಯಾಕೆ ಎಡವುತ್ತದೆ ಎಂದು ನೋಡದೆ ಯಾವುದನ್ನೂ ಒಪ್ಪಬಾರದು, ತಳ್ಳಲೂಬಾರದು.

ಮೊದಲ ಕೆಲಸದಿಂದಲೇ ಶುರು ಮಾಡೋಣ. 1924ರಲ್ಲಿ ರಷ್ಯಾದ ಒಪಾರಿನ್, 1929ರಲ್ಲಿ ಇಂಗ್ಲೆಂಡಿನ ಹಾಲ್ಡೇನ್ ಬೇರೆಬೇರೆಯಾಗಿ ಒಂದೇ ಮಾತು ಹೇಳಿದರು: ಆಮ್ಲಜನಕವಿಲ್ಲದ ಗಾಳಿ, ಬಿಸಿಲಿನ ಅಥವಾ ಮಿಂಚಿನ ಶಕ್ತಿ, ಕೆಳಗೆ ನೀರು ಇದ್ದರೆ ಸಾವಯವ ಅಣುಗಳು ತಾವಾಗಿ ಹುಟ್ಟುತ್ತವೆ. ಈ ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಇಲ್ಲಿಯ ಪೌರತ್ವ ಪಡೆದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡವರು. ನಮ್ಮ ಪಠ್ಯಗಳಲ್ಲಿ ಅವರ ಹೆಸರಿನ ಜೊತೆ ಈ ಮಾತು ಬರುವುದು ಕಡಿಮೆ.

1953ರಲ್ಲಿ ಷಿಕಾಗೋದಲ್ಲಿ ಹೆರಾಲ್ಡ್ ಯೂರಿಯವರ ಶಿಷ್ಯ ಸ್ಟ್ಯಾನ್ಲಿ ಮಿಲ್ಲರ್ ಇದನ್ನು ಮಾಡಿ ತೋರಿಸಿದರು. ಕೆಳಗೆ 500 ಮಿ.ಲೀ. ಫ್ಲಾಸ್ಕಿನಲ್ಲಿ ಕುದಿಯುವ 200 ಮಿ.ಲೀ. ನೀರು. ಮೇಲೆ 5 ಲೀಟರಿನ ಫ್ಲಾಸ್ಕು, ಅದರೊಳಗೆ ಎದುರುಬದುರು ಎರಡು ವಿದ್ಯುದ್ವಾರ. ಗಾಳಿಯನ್ನೆಲ್ಲ ಹೀರಿ ತೆಗೆದ ಮೇಲೆ ಒತ್ತಡವನ್ನು ಪಾದರಸದ ಎತ್ತರದಲ್ಲಿ ಅಳೆದು 20 ಸೆಂ.ಮೀ. ಮೀಥೇನ್, 20 ಸೆಂ.ಮೀ. ಅಮೋನಿಯಾ, 10 ಸೆಂ.ಮೀ. ಜಲಜನಕ ತುಂಬಿದರು. ಕಿಡಿಗೆ 60,000 ವೋಲ್ಟ್. ಮೊದಲ ದಿನದ ಕೊನೆಗೆ ನೀರು ನಸುಗೆಂಪು, ವಾರದ ಕೊನೆಗೆ ಕಡುಗೆಂಪು ಮತ್ತು ಮಸುಕು. ಸೂಕ್ಷ್ಮಜೀವಿ ಬೆಳೆದು ಫಲಿತಾಂಶ ಕೆಡಿಸದಂತೆ ಕೊನೆಯಲ್ಲಿ ಮರ್ಕ್ಯುರಿಕ್ ಕ್ಲೋರೈಡ್ ಹಾಕಿ, ಕಾಗದದ ವರ್ಣರೇಖನದಲ್ಲಿ ನೋಡಿದಾಗ ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳಲ್ಲಿ ಗ್ಲೈಸೀನ್, ಅಲನೀನ್ ಕಂಡವು. ಮಿಲ್ಲರ್ ಎತ್ತಿಟ್ಟಿದ್ದ ಹಳೆಯ ಸೀಸೆಗಳನ್ನು 2008ರಲ್ಲಿ ಹೊಸ ಯಂತ್ರಗಳಲ್ಲಿ ಪರೀಕ್ಷಿಸಿದಾಗ, ಜ್ವಾಲಾಮುಖಿಯ ಹಬೆಯನ್ನು ಅನುಕರಿಸಿದ ಜೋಡಣೆಯೊಂದರಲ್ಲಿ 22 ಅಮೈನೋ ಆಮ್ಲಗಳು ಸಿಕ್ಕವು.

ನೀರು ಮಸುಕಾದದ್ದು ಜೀವಕ್ಕೆ ಸಂಬಂಧಿಸಿದ್ದಲ್ಲ. ಅಮೋನಿಯಾ ಬೆರೆತ ಕ್ಷಾರೀಯ ನೀರು ಗಾಜನ್ನೇ ಸ್ವಲ್ಪ ತಿಂದು ಸಿಲಿಕಾ ಬಿಡಿಸಿತ್ತು. ಅದೂ ಉಪಯೋಗಕ್ಕೆ ಬಂತು ಎಂದು 2021ರಲ್ಲಿ ತಿಳಿಯಿತು: ಇದೇ ಪ್ರಯೋಗವನ್ನು ಟೆಫ್ಲಾನ್ ಪಾತ್ರೆಯಲ್ಲಿ ಮಾಡಿದರೆ ಅಣುಗಳ ಬಗೆಯೂ ಪ್ರಮಾಣವೂ ಇಳಿಯುತ್ತವೆ. ಅಂದರೆ ಪ್ರಯೋಗದಲ್ಲಿ ಕಲ್ಲಿನ ಪಾಲೂ ಇತ್ತು. ಕಾಲೇಜಿನಲ್ಲಿ ಇದನ್ನು ಮಾಡಿ ನೋಡುತ್ತೇವೆ ಎನ್ನುವವರಿಗೆ ನನ್ನ ಉತ್ತರ ಬೇಡ ಎಂದೇ. ಒಳಗೆ ಸ್ವಲ್ಪ ಗಾಳಿ ಉಳಿದರೂ ಮೀಥೇನ್, ಜಲಜನಕ, ಕಿಡಿ ಮೂರೂ ಸೇರಿ ಸಿಡಿಯುತ್ತವೆ.

ಮಿಲ್ಲರ್ ಪ್ರಯೋಗಕ್ಕೆ ಬಂದ ದೊಡ್ಡ ಆಕ್ಷೇಪ ಗಾಳಿಯ ಬಗ್ಗೆ. ಆಗಿನ ಜ್ವಾಲಾಮುಖಿಗಳು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಮತ್ತು ಸಾರಜನಕವನ್ನೇ ಉಗುಳುತ್ತಿದ್ದವು ಎಂದು ಈಗ ಬಹುತೇಕರು ಒಪ್ಪುತ್ತಾರೆ. ಆ ಮಿಶ್ರಣದಲ್ಲಿ ಕಿಡಿ ಹಾರಿಸಿದರೆ ಅಮೈನೋ ಆಮ್ಲ ಬಹಳ ಕಡಿಮೆ ಸಿಗುತ್ತದೆ. ಕಾರಣ 2008ರ ಇನ್ನೊಂದು ಕೆಲಸದಲ್ಲಿ ಸ್ಪಷ್ಟವಾಯಿತು: ಕಿಡಿಯಿಂದ ನೈಟ್ರೈಟ್ ಹುಟ್ಟುತ್ತದೆ, ನೀರು ಆಮ್ಲೀಯವಾಗುತ್ತದೆ, ಎರಡೂ ಸೇರಿ ಹುಟ್ಟಿದ ಅಮೈನೋ ಆಮ್ಲಗಳನ್ನು ಹಾಳುಮಾಡುತ್ತವೆ. ಕ್ಯಾಲ್ಸಿಯಂ ಕಾರ್ಬೊನೇಟ್ ಹಾಕಿ ಆಮ್ಲೀಯತೆ ತಡೆದು, ಉತ್ಕರ್ಷಣ ನಿಲ್ಲಿಸುವ ವಸ್ತುವೊಂದನ್ನು ಸೇರಿಸಿದರೆ ಇಳುವರಿ ಮತ್ತೆ ಏರುತ್ತದೆ. ಹಳೆಯ ಕಡಲಿನಲ್ಲಿ ಈ ಕೆಲಸ ಮಾಡಬಲ್ಲದ್ದು ಕರಗಿದ ಫೆರಸ್ ಕಬ್ಬಿಣ. ಸಂಡೂರಿನ ಪಟ್ಟೆ ಕಲ್ಲು ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಎರಡನೆಯ ಕೆಲಸ, ಸರಪಳಿ ಕಟ್ಟುವುದು, ಇದಕ್ಕಿಂತ ಕಷ್ಟ. ಎರಡು ಅಮೈನೋ ಆಮ್ಲ ಕೂಡುವಾಗ ಒಂದು ನೀರಿನ ಅಣು ಹೊರಬರಬೇಕು. ಸುತ್ತಲೂ ನೀರೇ ತುಂಬಿದ್ದರೆ ಕ್ರಿಯೆ ಹಿಂದಕ್ಕೆ ತಿರುಗುತ್ತದೆ, ಕೂಡಿದ್ದೂ ಬಿಡುತ್ತದೆ. ಡೇವಿಡ್ ಡೀಮರ್, ಬ್ರೂಸ್ ಡಾಮರ್ ಮೊದಲಾದವರು ಹೇಳುವ ದಾರಿ ಒಣಗಿಸುವುದು. ಜ್ವಾಲಾಮುಖಿ ನೆಲದ ಬಿಸಿನೀರಿನ ಬುಗ್ಗೆಯ ಅಂಚಿನಲ್ಲಿ ನೀರು ಏರಿ ಇಳಿಯುತ್ತದೆ. ಇಳಿದಾಗ 80–90 ಡಿಗ್ರಿಯ ಕಲ್ಲಿನ ಮೇಲೆ ಅಣುಗಳು ಒಣಗಿ ಒತ್ತೊತ್ತಾಗಿ ಕೂತು ಕೂಡುತ್ತವೆ, ಏರಿದಾಗ ನೆನೆದು ಚದುರಿ ಮತ್ತೆ ಬೆರೆಯುತ್ತವೆ. ಕೂಡುವ ವೇಗ ಬಿಡುವ ವೇಗಕ್ಕಿಂತ ಹೆಚ್ಚಿದ್ದರೆ ಸುತ್ತು ಸುತ್ತಿಗೂ ಸರಪಳಿ ಉದ್ದವಾಗುತ್ತದೆ. ಪಿಲ್ಬರಾದ ಆ 348 ಕೋಟಿ ವರ್ಷದ ಶಿಲೆಗಳಲ್ಲೇ ನೆಲದ ಮೇಲಿನ ಬಿಸಿನೀರ ಬುಗ್ಗೆಯ ಸಿಲಿಕಾ ಪದರ ಇದೆ ಎಂದು 2017ರಲ್ಲಿ ತೋರಿಸಿದ್ದು ಈ ಪಕ್ಷಕ್ಕೆ ದೊಡ್ಡ ಬಲ.

ಆನೆಗುಂದಿ, ಮಸ್ಕಿ ಕಡೆಯ ಬೆಟ್ಟಗಳ ಮೇಲಿನ ದೊಣೆಗಳೂ ಮಳೆಗೆ ತುಂಬಿ ಬಿಸಿಲಿಗೆ ಒಣಗುತ್ತವಲ್ಲ ಎಂದು ಕೇಳಬಹುದು. ಆಕಾರ ಸರಿ, ವೇಗ ಸಾಲದು. ವರ್ಷಕ್ಕೆ ಕೆಲವೇ ಸುತ್ತು ನಡೆದರೆ ನೀರು ನಿಂತ ತಿಂಗಳುಗಳಲ್ಲಿ ಕಟ್ಟಿದ್ದೆಲ್ಲ ಬಿಚ್ಚಿಹೋಗುತ್ತದೆ. ಸುತ್ತು ನಿಮಿಷ, ಗಂಟೆಗಳ ಲೆಕ್ಕದಲ್ಲಿರಬೇಕು, ಬಿಸಿಯೂ ಹೆಚ್ಚಿರಬೇಕು.

ನಮ್ಮ ಸೀಮೆಯಲ್ಲಿ ಹೆಚ್ಚು ಗಮನಿಸಬೇಕಾದದ್ದು ಎರೆ ಮಣ್ಣು. ರಾಯಚೂರು, ಸಿಂಧನೂರು, ಸಿರುಗುಪ್ಪದ ಎರೆ ಹೊಲ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದು ಮಾಂಟ್‌ಮೊರಿಲೊನೈಟ್ ಗುಂಪಿನ ಜೇಡಿಯಿಂದ. ಹಾಳೆ ಹಾಳೆಯಾದ ಅದರ ಕಣಗಳ ನಡುವೆ ನೀರು, ಅಯಾನು, ಸಾವಯವ ಅಣುಗಳು ಹೊಕ್ಕು ಕೂರುತ್ತವೆ. ಇದೇ ಬಗೆಯ ಜೇಡಿಯ ಮೇಲೆ ಜೇಮ್ಸ್ ಫೆರಿಸ್ 1996ರಲ್ಲಿ 50 ಕೊಂಡಿಗಳಷ್ಟು ಉದ್ದದ ಆರ್‌ಎನ್‌ಎ (ಜೀವಕೋಶದಲ್ಲಿ ಆನುವಂಶಿಕ ಮಾಹಿತಿ ಹೊರುವ ಅಣು) ಸರಪಳಿ ಬೆಳೆಸಿ ತೋರಿಸಿದರು. ಕೊಬ್ಬಿನ ಆಮ್ಲಗಳು ಪೊರೆಯ ಗುಳ್ಳೆಗಳಾಗುವುದನ್ನೂ ಅದು ತೀವ್ರಗೊಳಿಸುತ್ತದೆ ಎಂದು 2003ರಲ್ಲಿ ಕಂಡುಬಂತು. ಹಾಗೆಂದು ಹೊಲದ ಮಣ್ಣು ತಂದು ಹಾಕಿದರೆ ಆಗುವುದಿಲ್ಲ. ಫೆರಿಸ್ ಜೇಡಿಯನ್ನು ಆಮ್ಲದಲ್ಲಿ ತೊಳೆದು, ಅದಕ್ಕಂಟಿದ್ದ ಅಯಾನುಗಳನ್ನು ತೆಗೆದು, ಸೋಡಿಯಂ ತುಂಬಿ ಬಳಸುತ್ತಿದ್ದರು. ಆರ್‌ಎನ್‌ಎಯ ಕೊಂಡಿಗಳಾದ ನ್ಯೂಕ್ಲಿಯೊಟೈಡುಗಳನ್ನೂ ಮೊದಲೇ ರಾಸಾಯನಿಕವಾಗಿ ಚುರುಕುಗೊಳಿಸಿರಬೇಕಿತ್ತು. ಅಷ್ಟು ಸಿದ್ಧತೆ ಮಾಡಿದ ಕೈ ಪ್ರಕೃತಿಯಲ್ಲಿ ಯಾವುದು ಎನ್ನುವ ಪ್ರಶ್ನೆ ಹಾಗೆಯೇ ಇದೆ.

ಜೇಡಿ ಕೆಡಿಸುವುದೂ ಉಂಟು. ಡೀಮರ್ ರಷ್ಯಾದ ಕಮ್ಚಟ್ಕಾದ ಮುಟ್ನೋವ್‌ಸ್ಕಿ ಜ್ವಾಲಾಮುಖಿಯ ಆಮ್ಲೀಯ ಬಿಸಿ ಹೊಂಡವೊಂದಕ್ಕೆ ಅಮೈನೋ ಆಮ್ಲ, ನ್ಯೂಕ್ಲಿಯೊಬೇಸು (ಆರ್‌ಎನ್‌ಎ ಕೊಂಡಿಯ ಒಂದು ಭಾಗ), ಫಾಸ್ಫೇಟ್, ಕೊಬ್ಬಿನ ಆಮ್ಲಗಳ ಮಿಶ್ರಣ ಸುರಿದು ನೋಡಿದರು. ಕೆಲವೇ ಗಂಟೆಗಳಲ್ಲಿ ಬಹುಪಾಲು ಹೊಂಡದ ಜೇಡಿಗೆ ಅಂಟಿ ನೀರಿನಿಂದ ಕಾಣೆಯಾಯಿತು, ಪೊರೆಯೂ ಕಟ್ಟಲಿಲ್ಲ. ಪ್ರಯೋಗಾಲಯದ ಶುದ್ಧ ನೀರಿಗೂ ಹೊರಗಿನ ನೀರಿಗೂ ಎಷ್ಟು ಅಂತರವಿದೆ ಎಂದು ಇಷ್ಟು ನೇರವಾಗಿ ತೋರಿಸಿದ ಕೆಲಸ ವಿರಳ. ತಮ್ಮ ಸಿದ್ಧಾಂತಕ್ಕೆ ಕಷ್ಟ ತರುವ ಫಲಿತಾಂಶವನ್ನು ಅವರೇ ಪ್ರಕಟಿಸಿದರು ಎನ್ನುವುದನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ.

ಜೀವ ಹುಟ್ಟಿದ್ದು ಕಡಲ ತಳದಲ್ಲಿ ಬಿಸಿನೀರು ಉಗುಳುವ ಚಿಮಣಿಗಳಲ್ಲಿ ಎನ್ನುವ ಪಕ್ಷ ಇದಕ್ಕೆ ಎದುರು. 1979ರಲ್ಲಿ ಪೆಸಿಫಿಕ್ ತಳದಲ್ಲಿ ಕಂಡ ಕಪ್ಪು ಹೊಗೆಯ ಚಿಮಣಿಗಳ ನೀರು 350 ಡಿಗ್ರಿ ಮೀರುತ್ತದೆ. ಅಲ್ಲಿ ಅಮೈನೋ ಆಮ್ಲ ಉಳಿಯುವುದಿಲ್ಲ. 2000ದಲ್ಲಿ ಅಟ್ಲಾಂಟಿಕ್‌ನಲ್ಲಿ ಸಿಕ್ಕ ಲಾಸ್ಟ್ ಸಿಟಿ ಚಿಮಣಿಗಳು ಬೇರೆ ಬಗೆ: 40ರಿಂದ 90 ಡಿಗ್ರಿ, ಪಿಎಚ್ 9ರಿಂದ 11, ಎತ್ತರ 60 ಮೀಟರಿನವರೆಗೆ. ಆಲಿವೀನ್ ತುಂಬಿದ ಶಿಲೆಗೆ ನೀರು ಹೊಕ್ಕಾಗ ಅದರ ಕಬ್ಬಿಣ ನೀರಿನ ಆಮ್ಲಜನಕವನ್ನು ಎಳೆದುಕೊಂಡು ಮ್ಯಾಗ್ನಟೈಟ್ ಎಂಬ ಕಬ್ಬಿಣದ ಆಕ್ಸೈಡ್ ಆಗುತ್ತದೆ, ಜಲಜನಕ ಅನಿಲ ಬಿಡುಗಡೆಯಾಗುತ್ತದೆ. ಹಳೆಯ ಕಡಲು ಸ್ವಲ್ಪ ಆಮ್ಲೀಯ, ಚಿಮಣಿಯ ನೀರು ಕ್ಷಾರೀಯ, ನಡುವೆ ಕಬ್ಬಿಣ ಮತ್ತು ಗಂಧಕದ ತೆಳುವಾದ ಗೋಡೆ. ಗೋಡೆಯ ಎರಡು ಬದಿಗೆ ಪ್ರೋಟಾನುಗಳ ಪ್ರಮಾಣ ಸಾವಿರಾರು ಪಟ್ಟು ವ್ಯತ್ಯಾಸ. ಇವತ್ತಿಗೂ ನಮ್ಮ ಜೀವಕೋಶಗಳು ಪೊರೆಯ ಎರಡು ಬದಿಯ ಪ್ರೋಟಾನ್ ವ್ಯತ್ಯಾಸದಿಂದಲೇ ಶಕ್ತಿ ಹೊತ್ತೊಯ್ಯುವ ಎಟಿಪಿ ಅಣುವನ್ನು ತಯಾರಿಸುತ್ತವೆ. ಮೈಕೇಲ್ ರಸೆಲ್, ವಿಲಿಯಂ ಮಾರ್ಟಿನ್, ನಿಕ್ ಲೇನ್ ಈ ಹೋಲಿಕೆಯ ಮೇಲೆಯೇ ತಮ್ಮ ವಾದ ಕಟ್ಟಿದ್ದಾರೆ. ಇದಕ್ಕೂ ಮೊದಲು 1988ರಲ್ಲಿ ಮ್ಯೂನಿಕ್‌ನ ಗ್ಯುಂಟರ್ ವೆಖ್ಟರ್ಸ್‌ಹೌಸರ್, ಕಬ್ಬಿಣದ ಸಲ್ಫೈಡ್ ಹೈಡ್ರೋಜನ್ ಸಲ್ಫೈಡ್ ಜೊತೆ ಸೇರಿ ಪೈರೈಟ್ ಆಗುವಾಗ ಬಿಡುಗಡೆಯಾಗುವ ಶಕ್ತಿಯೇ ಮೊದಲ ಚಯಾಪಚಯವನ್ನು ನಡೆಸಿತು ಎಂದಿದ್ದರು.

2020ರಲ್ಲಿ ಜಲಜನಕ ಮತ್ತು ಇಂಗಾಲದ ಡೈಆಕ್ಸೈಡನ್ನು ನೀರಿನಲ್ಲಿ, 100 ಡಿಗ್ರಿಯಲ್ಲಿ, ಮ್ಯಾಗ್ನಟೈಟ್ ಅಥವಾ ಕಬ್ಬಿಣ-ನಿಕ್ಕಲ್ ಖನಿಜದ ಜೊತೆ ಒಂದು ರಾತ್ರಿ ಇಟ್ಟರೆ ಫಾರ್ಮೇಟ್, ಅಸಿಟೇಟ್, ಪೈರುವೇಟ್ ಹುಟ್ಟುತ್ತವೆ ಎಂದು ತೋರಿಸಿದರು. ಜೀವಕೋಶದ ಹಳೆಯ ಚಯಾಪಚಯದ ಮೊದಲ ಮೆಟ್ಟಿಲುಗಳು ಇವೇ. ಅದಕ್ಕಾಗಿ ಕಿಣ್ವ ಬೇಕಾಗಲಿಲ್ಲ, ಕಲ್ಲು ಸಾಕಾಯಿತು. ಆದರೆ ಕಡಲ ತಳದಲ್ಲಿ ಏನೂ ಒಣಗುವುದಿಲ್ಲ, ಹುಟ್ಟಿದ್ದು ತೆಳುವಾಗಿ ಹರಡಿಹೋಗುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳೂ ಅಲ್ಲಿಗೆ ತಲುಪುವುದಿಲ್ಲ, ಆರ್‌ಎನ್‌ಎಯ ಘಟಕಗಳು ಹುಟ್ಟಲು ಇವತ್ತು ಗೊತ್ತಿರುವ ಒಳ್ಳೆಯ ದಾರಿಗೆ ಆ ಕಿರಣ ಬೇಕು.

ಆ ದಾರಿ ಜಾನ್ ಸದರ್ಲೆಂಡ್ ಅವರದು. 1982ರಲ್ಲಿ ಥಾಮಸ್ ಚೆಕ್ ಆರ್‌ಎನ್‌ಎ ತನ್ನನ್ನು ತಾನೇ ಕತ್ತರಿಸಿ ಜೋಡಿಸಿಕೊಳ್ಳುವುದನ್ನು ಕಂಡಾಗ, ಮಾಹಿತಿ ಇಟ್ಟುಕೊಳ್ಳುವುದು ಮತ್ತು ಕಿಣ್ವದ ಕೆಲಸ ಎರಡೂ ಒಂದೇ ಅಣುವಿನಿಂದ ಆಗುತ್ತದೆ ಎಂದಾಯಿತು. ಪ್ರೋಟೀನು ಕಟ್ಟುವ ರೈಬೋಸೋಮಿನ ನಡುಮನೆಯೂ ಆರ್‌ಎನ್‌ಎಯೇ. ರೈಬೋಸೋಮಿನ ರಚನೆ ಬಿಡಿಸಿದ್ದಕ್ಕೆ ಚಿದಂಬರಂನಲ್ಲಿ ಹುಟ್ಟಿದ ವೆಂಕಟ್ರಾಮನ್ ರಾಮಕೃಷ್ಣನ್ ಅವರಿಗೆ 2009ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಆದರೆ ಆರ್‌ಎನ್‌ಎ ಮಾಡುವುದು ಸುಲಭವಲ್ಲ. ಫಾರ್ಮಾಲ್ಡಿಹೈಡಿಗೆ ಸುಣ್ಣ ಹಾಕಿ ಬಿಸಿ ಮಾಡಿದರೆ ಸಕ್ಕರೆಗಳು ಹುಟ್ಟುತ್ತವೆ ಎಂದು ಬುಟ್ಲೆರೋವ್ 1861ರಲ್ಲೇ ಕಂಡಿದ್ದರು. ಹತ್ತಾರು ಬಗೆಯ ಸಕ್ಕರೆಗಳ ನಡುವೆ ಆರ್‌ಎನ್‌ಎಗೆ ಬೇಕಾದ ರೈಬೋಸ್ ಸಿಗುವುದು ಅತ್ಯಲ್ಪ, ತಡ ಮಾಡಿದರೆ ಎಲ್ಲ ಕಂದು ಡಾಂಬರಾಗುತ್ತದೆ. 100 ಡಿಗ್ರಿಯಲ್ಲಿ, ತಟಸ್ಥ ನೀರಿನಲ್ಲಿ ರೈಬೋಸಿನ ಅರ್ಧಾಯುಷ್ಯ 73 ನಿಮಿಷ ಮಾತ್ರ. ಸದರ್ಲೆಂಡ್ 2009ರಲ್ಲಿ ರೈಬೋಸನ್ನು ಬೇರೆಯಾಗಿ ಮಾಡುವ ಗೋಜಿಗೇ ಹೋಗದೆ, ಸಯನಮೈಡ್, ಗ್ಲೈಕಾಲ್ಡಿಹೈಡ್ ಮೊದಲಾದವುಗಳಿಂದ, ಫಾಸ್ಫೇಟಿನ ಸಮ್ಮುಖದಲ್ಲಿ, ಸಕ್ಕರೆ ಮತ್ತು ಬೇಸು ಜೊತೆಜೊತೆಗೇ ಬೆಳೆಯುವ ದಾರಿ ತೋರಿಸಿದರು. ಬೇಡದ ಉಪೋತ್ಪನ್ನಗಳನ್ನು ಅತಿನೇರಳೆ ಕಿರಣ ನಾಶಮಾಡುತ್ತದೆ.

ನಂತರದ ತೊಡಕು ನಮ್ಮ ಕಡೆಯವರಿಗೆ ಬೇಗ ಅರ್ಥವಾಗುವಂಥದ್ದು. ಗಡಸು ಬೋರ್ ನೀರಿನಲ್ಲಿ ಸೋಪು ನೊರೆ ಬರದೆ ಬಿಳಿ ಜಿಡ್ಡಾಗಿ ಒಡೆಯುವುದು ಕ್ಯಾಲ್ಸಿಯಂ, ಮ್ಯಾಗ್ನೀಸಿಯಂ ಅಯಾನುಗಳಿಂದ. ಮೊದಲ ಪೊರೆಗಳು ಸರಳ ಕೊಬ್ಬಿನ ಆಮ್ಲಗಳವು, ಅಂದರೆ ಸೋಪಿನ ಜಾತಿಯವೇ. ಅವೂ ಇದೇ ರೀತಿ ಒಡೆಯುತ್ತವೆ. ಆದರೆ ಆರ್‌ಎನ್‌ಎ ತನ್ನ ಪ್ರತಿ ತೆಗೆಯಲು ಮ್ಯಾಗ್ನೀಸಿಯಂ ಹೇರಳವಾಗಿ ಬೇಕು. ಒಳಗಿನದಕ್ಕೆ ಬೇಕಾದದ್ದೇ ಹೊರಗಿನ ಪೊರೆಗೆ ಕಂಟಕ. 2013ರಲ್ಲಿ ಜ್ಯಾಕ್ ಷೋಸ್ಟಾಕ್ ತಂಡ ಸಿಟ್ರೇಟ್ ಹಾಕಿ ಮ್ಯಾಗ್ನೀಸಿಯಂ ಅನ್ನು ಹಿಡಿದಿಟ್ಟು ಎರಡನ್ನೂ ಉಳಿಸಿತು. 2018ರಲ್ಲಿ ಅದೇ ತಂಡ ಮ್ಯಾಗ್ನೀಸಿಯಂ ಬದಲು ಫೆರಸ್ ಕಬ್ಬಿಣ ಹಾಕಿ, ತಟಸ್ಥ ಪಿಎಚ್‌ನಲ್ಲಿ ಕಿಣ್ವವಿಲ್ಲದೆ ನಡೆಯುವ ಆರ್‌ಎನ್‌ಎ ಪ್ರತಿಯ ಕೆಲಸಕ್ಕೆ ಅದು ಇನ್ನೂ ಚೆನ್ನಾಗಿ ಒದಗುತ್ತದೆ ಎಂದು ಕಂಡಿತು. ಇಂಥ ಪ್ರಯೋಗವನ್ನು ಆಮ್ಲಜನಕವಿಲ್ಲದ ಪೆಟ್ಟಿಗೆಯಲ್ಲೇ ಮಾಡಬೇಕು, ಗಾಳಿ ಸೋಕಿದರೆ ಕಬ್ಬಿಣ ತುಕ್ಕಾಗಿ ಇಳಿದುಬಿಡುತ್ತದೆ. ಪೊರೆಗೆ ಕಬ್ಬಿಣವೂ ಕಾಟವೇ, ಆ ಗಂಟು ಪೂರ್ತಿ ಬಿಚ್ಚಿಲ್ಲ. ಅನೇಕ ಅಣುಗಳು ಎಡಗೈ, ಬಲಗೈಗಳಂತೆ ಕನ್ನಡಿಬಿಂಬದ ಎರಡು ರೂಪಗಳಲ್ಲಿರುತ್ತವೆ. ಜೀವ ಒಂದೇ ಕೈಯ ಅಣುಗಳನ್ನು ಯಾಕೆ ಆರಿಸಿತು, ಅಂದರೆ ಅಮೈನೋ ಆಮ್ಲದಲ್ಲಿ ಎಡ, ಸಕ್ಕರೆಯಲ್ಲಿ ಬಲ ಯಾಕೆ, ಎನ್ನುವುದಕ್ಕೂ 2023ರಲ್ಲಿ ಸಿಕ್ಕ ಒಂದು ಸಂಭಾವ್ಯ ಉತ್ತರದಲ್ಲಿ ಕಬ್ಬಿಣ ಇದೆ: ಕಾಂತೀಯವಾದ ಮ್ಯಾಗ್ನಟೈಟಿನ ಮೇಲೆ ಆರ್‌ಎನ್‌ಎಯ ಪೂರ್ವವಸ್ತುವೊಂದನ್ನು ಹರಳುಗಟ್ಟಿಸಿದಾಗ ಒಂದೇ ಕೈಯ ಹರಳು ಸಿಕ್ಕಿತು.

ಆಕಾಶದಿಂದ ಜೀವ ಬಂತು ಎನ್ನುವ ವಾದದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅದು ಪ್ರಶ್ನೆಯನ್ನು ಇನ್ನೊಂದು ಊರಿಗೆ ಸಾಗಿಸುತ್ತದೆ. ಕಚ್ಚಾವಸ್ತು ಬಂತು ಎನ್ನುವುದು ಮಾತ್ರ ಗಟ್ಟಿ ಮಾತು. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕೆಯಲ್ಲಿ 70ಕ್ಕೂ ಹೆಚ್ಚು ಅಮೈನೋ ಆಮ್ಲಗಳಿವೆ. 2023ರಲ್ಲಿ ಬೆನ್ನು ಕ್ಷುದ್ರಗ್ರಹದಿಂದ ತಂದ 121.6 ಗ್ರಾಂ ಮಣ್ಣಿನಲ್ಲಿ, ಜೀವಿಗಳು ಬಳಸುವ 20ರಲ್ಲಿ 14 ಅಮೈನೋ ಆಮ್ಲಗಳೂ ಐದೂ ನ್ಯೂಕ್ಲಿಯೊಬೇಸುಗಳೂ ಇದ್ದವು. ಅಲ್ಲಿ ಎಡ, ಬಲ ಎರಡೂ ಹೆಚ್ಚುಕಡಿಮೆ ಸಮ ಇದ್ದದ್ದರಿಂದ, ಒಂದೇ ಕೈಯ ಆಯ್ಕೆ ಭೂಮಿಯಲ್ಲೇ ನಡೆದಿರಬೇಕು ಎಂದು ನಾನು ಓದುತ್ತೇನೆ.

ಸರಪಳಿ, ಪೊರೆ, ಪ್ರತಿ ಈ ಮೂರಕ್ಕೂ ನೆಲದ ಬುಗ್ಗೆಯೇ ಹೆಚ್ಚು ಒಪ್ಪುವ ಜಾಗ ಎಂದು ನನಗೆ ಅನಿಸುತ್ತದೆ, ಒಣಗುವಿಕೆ ಇಲ್ಲದೆ ಎರಡನೆಯ ಮೆಟ್ಟಿಲು ಹತ್ತಲಾಗದು. ಶಕ್ತಿಯ ವಿಷಯದಲ್ಲಿ ಚಿಮಣಿ ಪಕ್ಷದ ಪ್ರೋಟಾನ್ ವಾದಕ್ಕೆ ಬುಗ್ಗೆಯವರ ಬಳಿ ಅಷ್ಟೇ ಬಲವಾದ ಉತ್ತರ ಇಲ್ಲ. ಎರಡೂ ಕಡೆ ಕರಗಿದ ಕಬ್ಬಿಣ ಇತ್ತು, ಎರಡೂ ಕಡೆ ಅದು ಕೆಲಸ ಮಾಡಿತು ಎನ್ನುವಲ್ಲಿ ನನಗೆ ಅನುಮಾನ ಕಡಿಮೆ.

ಸಂಡೂರು ಕಡೆ ಹಳೆಯ ಜೀವದ ಗುರುತು ಹುಡುಕುವವರು ಸುಣ್ಣದ ಜಾತಿಯ ಶಿಲೆ ನೋಡಬೇಕು, ಅಲ್ಲಿಯ ಸ್ಟ್ರೊಮಾಟೊಲೈಟುಗಳು ಆ ಕಲ್ಲಿನಲ್ಲಿವೆ. ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಹನಿಗೆ ಸುಣ್ಣಕಲ್ಲು ತಕ್ಷಣ ನೊರೆಯುತ್ತದೆ, ಡಾಲಮೈಟ್ ಪುಡಿ ಮಾಡಿದರೆ ಮಾತ್ರ. 10 ಪಟ್ಟಿನ ಮಸೂರದಲ್ಲಿ ಪದರಗಳು ತೆಳ್ಳಗೆ, ಮೇಲ್ಮುಖವಾಗಿ ಉಬ್ಬಿ, ಒಂದರ ಮೇಲೊಂದು ಕೂತಿರಬೇಕು. ಶಿಲೆ ಮಡಿಕೆಯಾದಾಗಲೂ ಇಂಥದೇ ಉಬ್ಬು ಬರುತ್ತದೆ. ಉಬ್ಬು ಆ ಒಂದು ಪದರಕ್ಕೇ ಸೀಮಿತವೋ, ಕೆಳಗಿನ ಮೇಲಿನ ಎಲ್ಲ ಪದರಗಳೂ ಹಾಗೇ ಬಾಗಿವೆಯೋ ನೋಡಿ. ಎಲ್ಲ ಬಾಗಿದ್ದರೆ ಅದು ಮಡಿಕೆ. ಗ್ರೀನ್‌ಲ್ಯಾಂಡಿನ 370 ಕೋಟಿ ವರ್ಷದ ಶಿಲೆಯ ಬಗ್ಗೆ 2016ರಲ್ಲಿ ಎದ್ದ ಸ್ಟ್ರೊಮಾಟೊಲೈಟ್ ವಾದಕ್ಕೆ 2018ರಲ್ಲಿ ಬಂದ ಆಕ್ಷೇಪವೂ ಶಿಲೆಯ ವಿರೂಪದ್ದೇ. ಕಲ್ಲಿನ ಬಿರುಕಿನಲ್ಲಿ ಜರೀಗಿಡದ ಎಲೆಯಂತೆ ಕಾಣುವ ಕಪ್ಪು ಚಿತ್ತಾರ ಸಿಕ್ಕರೆ ಪಳೆಯುಳಿಕೆ ಎಂದುಕೊಳ್ಳಬೇಡಿ, ಅದು ಮ್ಯಾಂಗನೀಸ್ ಆಕ್ಸೈಡಿನ ಬೆಳವಣಿಗೆ. ಗಣಿ ಗುತ್ತಿಗೆಯ ಜಾಗಕ್ಕೆ ಅನುಮತಿ ಇಲ್ಲದೆ ಹೋಗಬಾರದು, ಸ್ಟ್ರೊಮಾಟೊಲೈಟ್ ಒಡೆದು ತರಬಾರದು.

ಚಿಮಣಿಯ ಗೋಡೆ ಹೇಗೆ ಬೆಳೆಯುತ್ತದೆ ಎಂದು ಶಾಲೆಯಲ್ಲಿ ತೋರಿಸಲು ಮಿಲ್ಲರ್ ಪ್ರಯೋಗಕ್ಕಿಂತ ಸುಲಭದ ದಾರಿ ಇದೆ. ಸೋಡಿಯಂ ಸಿಲಿಕೇಟ್ ದ್ರಾವಣ ಒಂದು ಪಾಲಿಗೆ ಮೂರರಿಂದ ನಾಲ್ಕು ಪಾಲು ನೀರು ಬೆರೆಸಿ, ಪಾರದರ್ಶಕ ಗ್ಲಾಸಿಗೆ ಹಾಕಿ ಅಲುಗದ ಜಾಗದಲ್ಲಿಡಿ. ಬೋರ್ ನೀರು ಬೇಡ, ಅದರ ಕ್ಯಾಲ್ಸಿಯಂ ಸಿಲಿಕೇಟಿನೊಡನೆ ಸೇರಿ ಎಲ್ಲ ಮಸುಕಾಗುತ್ತದೆ. ಭಟ್ಟಿ ಇಳಿಸಿದ ನೀರು ಒಳ್ಳೆಯದು, ಕುದಿಸಿ ಆರಿಸಿದರೆ ಅದರಲ್ಲಿ ಕರಗಿದ ಆಮ್ಲಜನಕವೂ ಹೋಗುತ್ತದೆ. ಅದಕ್ಕೆ ಕಡಲೆಕಾಳಿನ ಗಾತ್ರದ ಅನ್ನಭೇದಿ (ಫೆರಸ್ ಸಲ್ಫೇಟ್) ಹರಳು ಎರಡು ಮೂರು ಬಿಡಿ. ಹರಳು ತಿಳಿ ಹಸಿರಾಗಿರಬೇಕು. ಗೊಬ್ಬರದ ಅಂಗಡಿಯ ಹಳೆಯ ದಾಸ್ತಾನು ಹಳದಿ, ಕಂದು ಪುಡಿಯಾಗಿದ್ದರೆ ಅದು ಆಗಲೇ ಫೆರಿಕ್ ಆಗಿದೆ, ಕೊಳವೆ ಬೆಳೆಯುವುದಿಲ್ಲ. ಹರಳು ಕರಗುತ್ತಿದ್ದಂತೆ ಸುತ್ತ ಕಬ್ಬಿಣದ ಸಿಲಿಕೇಟಿನ ತೆಳು ಪೊರೆ ಕಟ್ಟುತ್ತದೆ. ಒಳಗೆ ಲವಣ ಹೆಚ್ಚಿರುವುದರಿಂದ ನೀರು ಒಳಕ್ಕೆ ನುಗ್ಗಿ, ಪೊರೆ ಬಿರಿದು, ಬಿರಿದಲ್ಲಿ ಹೊಸ ಪೊರೆ ಕಟ್ಟಿ ಕೊಳವೆ ಮೇಲೆ ಏರುತ್ತದೆ. ದ್ರಾವಣ ಮಂದವಾದರೆ ಹರಳು ಸುಮ್ಮನೆ ಕೂರುತ್ತದೆ, ತೀರ ತೆಳುವಾದರೆ ಕೊಳವೆಯ ಬದಲು ಮಡ್ಡಿ ಇಳಿಯುತ್ತದೆ. ಕೊಳವೆ ಕೆಲವು ಹೊತ್ತಿನ ನಂತರ ಹೊರಗಿನಿಂದ ಕಂದಾಗತೊಡಗಿದರೆ ಗಾಳಿಯ ಆಮ್ಲಜನಕ ಒಳಗಿಳಿದಿದೆ ಎಂದರ್ಥ. ಮಕ್ಕಳಿಗೆ ಸಂಡೂರಿನ ಪಟ್ಟೆ ಕಲ್ಲಿನ ಕಥೆ ಹೇಳಲು ಇದೇ ಸರಿಯಾದ ಹೊತ್ತು. ದ್ರಾವಣ ತೀವ್ರ ಕ್ಷಾರ, ಕನ್ನಡಕ ಮತ್ತು ಕೈಗವಸು ಇಲ್ಲದೆ ಮುಟ್ಟಬೇಡಿ. ಒಣಗುವ ಮುಂಚೆಯೇ ಗ್ಲಾಸು ತೊಳೆಯಿರಿ, ಒಣಗಿದರೆ ಸಿಲಿಕೇಟ್ ಗಾಜಿಗೆ ಹತ್ತಿ ಬಿಡುವುದಿಲ್ಲ.